ಮ, ನ ಇಲ್ಲದ ಮಾತು: ರೊಟೊಕಾಸ್ ದನಿಗಳ ಹಿಂದಿನ ಕತೆ

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಅದರ ಮೇಲೆ ಕಾಗುಣಿತ, ಒತ್ತಕ್ಷರ. ಒಂದನೇ ಕ್ಲಾಸಿನ ಮಕ್ಕಳಿಗೆ ಸಾಕುಸಾಕಾಗಿ ಹೋಗುತ್ತದೆ. ರೊಟೊಕಾಸ್ ಮಾತಾಡುವ ಮಕ್ಕಳಿಗೆ ಈ ಕಷ್ಟವಿಲ್ಲ. ಅವರ ಭಾಷೆ ಬರೆಯಲು ರೋಮನ್ ಲಿಪಿಯ 12 ಅಕ್ಷರ ಸಾಕು. ದನಿಗಳನ್ನು ಎಣಿಸಿದರೆ ಇನ್ನೂ ಒಂದು ಕಮ್ಮಿ: ಆರು ವ್ಯಂಜನ, ಐದು ಸ್ವರ. ಸ್ವರಗಳನ್ನು ನಮ್ಮ ಹಾಗೇ ಉದ್ದ ಎಳೆಯುವುದೂ ಉಂಟು.

ಕ್ವಿಜ್‌ಗಳಲ್ಲಿ ಈ ಹೆಸರು ಕೇಳಿರಬಹುದು. "ಜಗತ್ತಿನಲ್ಲೇ ಅತಿ ಕಡಿಮೆ ಅಕ್ಷರವಿರುವ ಭಾಷೆ ಯಾವುದು?" ಉತ್ತರ ರೊಟೊಕಾಸ್. ಮುಂದಿನ ಪ್ರಶ್ನೆ. ನನಗೆ ಕುತೂಹಲ ಹುಟ್ಟುವುದು ಅಲ್ಲಿಂದ ಮುಂದೆಯೇ. ಯಾಕೆಂದರೆ ಈ ದಾಖಲೆ ಇಡೀ ಭಾಷೆಯದಲ್ಲ, ಅದರ ಒಂದು ಒಳನುಡಿಯದು. ಪಕ್ಕದ ಒಳನುಡಿಯ ಲೆಕ್ಕ ಬೇರೆಯೇ ಇದೆ.

ಮೊದಲು ಊರಿನ ವಿಚಾರ. ಪಪುವಾ ನ್ಯೂಗಿನಿಗೆ ಸೇರಿದ ಬೂಗನ್‌ವಿಲ್ ದ್ವೀಪದ ನಡುವಿನ ಗುಡ್ಡಗಾಡು ರೊಟೊಕಾಸ್ ಸೀಮೆ. ಪೂರ್ವ ಕರಾವಳಿಯ ವಾಕುನಾಯಿ ಅಲ್ಲಿಗೆ ಹತ್ತಿರದ ಊರು. 1981ರ ಲೆಕ್ಕದಂತೆ ಮಾತಾಡುವವರು 4,320 ಮಂದಿ. ದ್ವೀಪಕ್ಕೆ ಈ ಹೆಸರು ಬಂದದ್ದು 1768ರಲ್ಲಿ ಆ ದಾರಿಯಾಗಿ ಹಡಗಿನಲ್ಲಿ ಹೋದ ಫ್ರೆಂಚ್ ನಾವಿಕ ಬೂಗನ್‌ವಿಲ್‌ನಿಂದ. ಆಮೇಲೆ ಜರ್ಮನರು ಆಳಿದರು, ಆಸ್ಟ್ರೇಲಿಯದವರು ಆಳಿದರು, ನಡುವೆ ಜಪಾನಿ ಸೈನ್ಯವೂ ಬಂದು ಹೋಯಿತು.

ರೊಟೊಕಾಸನ್ನು ಪಪುವನ್ ಭಾಷೆ ಎನ್ನುತ್ತಾರೆ. ಈ ಪದವನ್ನು ಸ್ವಲ್ಪ ಹುಷಾರಾಗಿ ನೋಡಬೇಕು. ದ್ರಾವಿಡ ಎಂದ ಹಾಗೆ ಇದು ಒಂದು ಕುಟುಂಬದ ಹೆಸರಲ್ಲ. ಸರ್ಕಾರಿ ಅರ್ಜಿಯ ಕೊನೆಯಲ್ಲಿ "ಇತರೆ" ಅಂತ ಒಂದು ಕಲಂ ಇರುತ್ತಲ್ಲ, ಹಾಗೆ. 19ನೇ ಶತಮಾನದ ಕೊನೆಯಲ್ಲಿ ಸಿಡ್ನಿ ರೇ ಎಂಬ ವಿದ್ವಾಂಸ ಆ ಭಾಗದ ಕೆಲವು ಭಾಷೆಗಳು ದೊಡ್ಡ ಆಸ್ಟ್ರೊನೇಷಿಯನ್ ಕುಟುಂಬಕ್ಕೆ ಸೇರುವುದಿಲ್ಲ ಎಂದು ಗುರುತಿಸಿದ. ಹಾಗೆ ಹೊರಗುಳಿದವುಗಳಿಗೆಲ್ಲ ಪಪುವನ್ ಎಂಬ ಹೆಸರು ಅಂಟಿತು. ಬೂಗನ್‌ವಿಲ್ ಒಂದರಲ್ಲೇ ಉತ್ತರದ್ದೊಂದು, ದಕ್ಷಿಣದ್ದೊಂದು ಎಂದು ಎರಡು ಪಪುವನ್ ಕುಟುಂಬಗಳಿವೆ. ರೊಟೊಕಾಸ್ ಉತ್ತರದ್ದು.

1960ರ ದಶಕದ ಶುರುವಿನಲ್ಲಿ ಅಲೆನ್ ಮತ್ತು ಹರ್ಡ್ ಎಂಬ ಇಬ್ಬರು ದ್ವೀಪದ ಭಾಷೆಗಳ ಸಮೀಕ್ಷೆ ಮಾಡಿದರು. ರೊಟೊಕಾಸ್‌ನಲ್ಲಿ ಮೂರು ಒಳನುಡಿ ಗುರುತಿಸಿದರು: ನಡುಸೀಮೆಯದು, ಪಿಪಿಪಾಯ, ಐಟಾ. ಆಮೇಲೆ ಬಂದ ಫರ್ಚೋ ದಂಪತಿ ನಡುಸೀಮೆಯ ಮಾತನ್ನು ಕೂತು ಕಲಿತರು. 1969ರಲ್ಲಿ ಅವರು ಅದರ ದನಿಗಳ ಬಗ್ಗೆ ಬರೆದದ್ದೇ ಈ ಖ್ಯಾತಿಗೆಲ್ಲ ಮೂಲ.

ಅವರು ಕಂಡದ್ದು ಇಷ್ಟು. ವ್ಯಂಜನ ಎರಡೇ ಸಾಲು. ಒಂದು ಸಾಲಿನಲ್ಲಿ ಪ, ತ, ಕ. ಇನ್ನೊಂದರಲ್ಲಿ ವ, ರ, ಗ. ಎರಡನೇ ಸಾಲು ಬಹಳ ಸಡಿಲ. ವ ಇದ್ದಲ್ಲಿ ಬ ಬಂದರೂ ನಡೆಯುತ್ತದೆ. ರ ಇದ್ದದ್ದು ಲ, ಡ ಎಂದು ಕೇಳಿಸಬಹುದು. ಪದದ ಅರ್ಥ ಮಾತ್ರ ಬದಲಾಗುವುದಿಲ್ಲ. ಇನ್ನು ಮೂಗಿನ ದನಿಗಳಿಗೆ ಅಲ್ಲಿ ಸ್ವಂತ ಜಾಗವೇ ಇಲ್ಲ. ಮ ಎಂಬುದು ವ ದನಿಯ ಇನ್ನೊಂದು ವೇಷ, ನ ಎಂಬುದು ರ ದನಿಯದು. ಅದೂ ಕೇಳಸಿಗುವುದು ಅಪರೂಪ.

ಯಾವಾಗ ಸಿಗುತ್ತದೆ ಗೊತ್ತಾ? ಹೊರಗಿನವರು ರೊಟೊಕಾಸ್ ಮಾತಾಡುವುದನ್ನು ಊರವರು ಅಣಕಿಸುವಾಗ! ಆ ಹೊರಗಿನವನ ಬಾಯಲ್ಲಿ ಮ, ನ ಬಂದಿರಲಿ ಬಿಡಲಿ, ಅಣಕದಲ್ಲಿ ಮಾತ್ರ ಬಂದೇ ಬರುತ್ತದೆ. ಫರ್ಚೋ ದಂಪತಿ ಇದನ್ನು ಗಂಭೀರವಾಗಿಯೇ ಬರೆದಿಟ್ಟಿದ್ದಾರೆ. ಊರವರು ಅಣಕಿಸುತ್ತಿದ್ದದ್ದು ಯಾರನ್ನು ಅಂತ ನನಗಂತೂ ಒಂದು ಗುಮಾನಿ ಇದೆ. "ಕನ್ನಡ್ ಗೊತ್ತಿಲ್ಲ" ಅಂತ ನಾವು ಮಾಡಿ ತೋರಿಸುವುದಿಲ್ವಾ, ಹಾಗೇ.

ಇಷ್ಟು ಕಮ್ಮಿ ದನಿ ಎಂದ ಕೂಡಲೇ ಹೊರಗಿನವರಿಗೆ ಒಂದು ಯೋಚನೆ ಬರುತ್ತದೆ: ಇದು ತುಂಬಾ ಹಳೇ ಕಾಲದ, ಬೆಳೆಯದೆ ಉಳಿದ ಭಾಷೆ ಇರಬೇಕು. ಈ ಯೋಚನೆಗೆ ಉತ್ತರ, ಪಕ್ಕದ ಒಳನುಡಿಯಾದ ಐಟಾದಲ್ಲೇ ಇತ್ತು. ಆದರೆ ಅದು ಹೊರಬರಲು ತಡವಾಯಿತು. ದ್ವೀಪದ ಪಂಗುನಾದಲ್ಲಿ 1972ರಲ್ಲಿ ದೊಡ್ಡ ತಾಮ್ರದ ಗಣಿ ಶುರುವಾಗಿತ್ತು. ಅದರ ಸುತ್ತ ಹುಟ್ಟಿದ ಸಿಟ್ಟು 1988ರಲ್ಲಿ ಯುದ್ಧವಾಗಿ ಸ್ಫೋಟಿಸಿತು. ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು. ಹತ್ತು ವರ್ಷ ಹಾಗೇ ಹೋಯಿತು. ಶಾಂತಿ ಒಪ್ಪಂದವಾದದ್ದು 2001ರಲ್ಲಿ. ಸ್ಟುವರ್ಟ್ ರಾಬಿನ್ಸನ್ ಎಂಬ ಭಾಷಾಶಾಸ್ತ್ರಜ್ಞ ಐಟಾ ಒಳನುಡಿಯ ಬಗ್ಗೆ ಬರೆದದ್ದು 2006ರಲ್ಲಿ.

ಐಟಾದಲ್ಲಿ ವ್ಯಂಜನ ಆರಲ್ಲ, ಒಂಬತ್ತು. ಮೂರನೇ ಸಾಲೊಂದಿದೆ: ಮ, ನ, ಙ. ಹೌದು, ನಾವು ಶಾಲೆ ಬಿಟ್ಟ ಮೇಲೆ ಎಲ್ಲೂ ಕಾಣದ ಆ ಙ. ಬ ಬದಲು ಮ ಹೇಳಿದರೆ ಅಲ್ಲಿ ಪದವೇ ಬೇರೆಯಾಗುತ್ತದೆ.

ಹಾಗಾದರೆ ಯಾವುದು ಹಳೆಯದು? ಐಟಾದವರು ಮ ದನಿಯನ್ನು ಹೊಸದಾಗಿ ಮಾಡಿಕೊಂಡರೋ, ನಡುಸೀಮೆಯವರು ಕಳೆದುಕೊಂಡರೋ? ಹೊಸದಾಗಿ ಮಾಡಿಕೊಂಡಿದ್ದರೆ ಅದಕ್ಕೊಂದು ಕಟ್ಟಳೆ ಇರಬೇಕಿತ್ತು. ಇಂಥ ಸ್ವರದ ಹಿಂದೆ ಬಂದರೆ ಮ, ಇಲ್ಲದಿದ್ದರೆ ಬ, ಹೀಗೆ ಏನಾದರೂ. ಅಂಥದ್ದು ಸಿಗುವುದಿಲ್ಲ. ನಡುಸೀಮೆಯಲ್ಲಿ ಒಂದೇ ದನಿ ಇರುವ ಪದಗಳಲ್ಲಿ ಕೆಲವಕ್ಕೆ ಐಟಾದಲ್ಲಿ ಬ, ಕೆಲವಕ್ಕೆ ಮ. ಯಾವುದಕ್ಕೆ ಯಾವುದು ಎಂದು ಊಹಿಸಲಾಗದು. ಅಂದರೆ ಎರಡೂ ಮೊದಲೇ ಇದ್ದವು, ನಡುಸೀಮೆಯಲ್ಲಿ ಕಲಸಿಹೋದವು ಎಂಬುದೇ ರಾಬಿನ್ಸನ್ ತೀರ್ಮಾನ.

ಇದು ನಮಗೆ ಹೊಸದಲ್ಲ. ಹಳಗನ್ನಡದಲ್ಲಿ ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಈಗ ಎರಡೂ ಅರಿ. ಯಾವ ರ ಹಿಂದೆ ಱ ಆಗಿತ್ತು ಎಂದು ಇವತ್ತಿನ ಮಾತು ಕೇಳಿ ಹೇಳಲಾಗುವುದಿಲ್ಲ, ಶಾಸನ ನೋಡಬೇಕು. ರೊಟೊಕಾಸ್‌ಗೆ ಶಾಸನಗಳಿಲ್ಲ. ಅಲ್ಲಿ ಐಟಾದವರ ಬಾಯೇ ಶಾಸನ.

ದನಿ ಕಮ್ಮಿಯಾದ ಮಾತ್ರಕ್ಕೆ ಭಾಷೆ ಸುಲಭವಾಗಿಲ್ಲ. "ಮುದುಕಿಯ ಕಣ್ಣು ಮುಚ್ಚಿವೆ" ಅನ್ನಲು ಹೀಗೆ ಹೇಳಬೇಕು: "ಒಸಿರೆಇತೊಆರೆಇ ಅವುಕವ ಇಅವ ಉರುರುಪವಿರ ತೊಉಪಸಿವೆಇರ." ಕಣ್ಣು ಎರಡಾದ್ದರಿಂದ ಅದಕ್ಕೆ ದ್ವಿವಚನ, ಸಾಲದ್ದಕ್ಕೆ ಪುಲ್ಲಿಂಗ. ಕ್ರಿಯಾಪದ ನಮ್ಮ ಹಾಗೇ ಕೊನೆಗೆ.

ಇನ್ನೊಂದು ತಮಾಷೆ ಅಂದರೆ ಭಾಷೆಯ ಹೆಸರೇ. ಅಲ್ಲಿ ಸ ಎಂಬುದು ಬೇರೆ ದನಿಯಲ್ಲ. ಇಕಾರದ ಹಿಂದಿನ ತ ಹಾಗೆ ಕೇಳುತ್ತದೆ, ಅಷ್ಟೇ. ಹನ್ನೆರಡನೇ ಅಕ್ಷರ ಬಂದದ್ದೂ ಹಾಗೆ. ಪದಗಳು ಕೊನೆಯಾಗುವುದು ಸ್ವರದಲ್ಲೇ. "ರೊಟೊಕಾಸ್" ಎರಡೂ ಕಟ್ಟಳೆ ಮುರಿಯುತ್ತದೆ. ಬಸ್ಸು, ಕಾರು ಅನ್ನುವ ನಾವಾದರೆ ರೊಟೊಕಾಸು ಅಂದು ಅರ್ಧ ಸರಿ ಮಾಡಿಬಿಡುತ್ತಿದ್ದೆವು.