ತಾತನ ಟ್ರಂಕಿನಲ್ಲಿ ಯುದ್ಧದ ಪದಕಗಳು ಸಿಕ್ಕಿವೆ, ಅವರ ಕತೆ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿದೆ. ನಮ್ಮ ತಾತ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಊರಲ್ಲಿ ಅವರನ್ನು ‘ಮಿಲಿಟರಿ ತಾತ’ ಅಂತಲೇ ಕರೆಯುತ್ತಿದ್ದರು. ಈಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನಾಲ್ಕು ಪದಕಗಳು ಸಿಕ್ಕಿವೆ. ಅವರು ಎಲ್ಲಿ ಯುದ್ಧ ಮಾಡಿದರು, ಇವನ್ನು ಯಾಕೆ ಕೊಟ್ಟರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಿಳಿಯುವ ದಾರಿ ಇದೆಯೇ?

ಉತ್ತರ: ಇದೆ. ಅದಕ್ಕೂ ಮೊದಲು ಒಂದು ಮಾತು. ಆ ಪದಕಗಳನ್ನು ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ರಿಬ್ಬನ್ ಕೊಳೆಯಾಗಿದೆ ಅಂತ ಕಿತ್ತು ಎಸೆಯಬೇಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಬಟ್ಟೆಯ ಬಣ್ಣದಲ್ಲೇ ಇದೆ.

ಆರು ಮೂಲೆಯ ನಕ್ಷತ್ರಗಳಿದ್ದರೆ ಮೊದಲು ಅವನ್ನು ಕೈಗೆತ್ತಿಕೊಳ್ಳಿ. ಎಲ್ಲ ನಕ್ಷತ್ರಗಳೂ ನೋಡಲು ಒಂದೇ ಥರ, ನಡುವೆ ರಾಜನ ಮುದ್ರೆ. ಅದರ ಸುತ್ತಲಿನ ಬಳೆಯಲ್ಲಿ ಇಂಗ್ಲಿಷಿನಲ್ಲಿ ಆ ಪದಕದ ಹೆಸರು ಇರುತ್ತದೆ. ಅಕ್ಷರ ಸವೆದಿದ್ದರೆ ರಿಬ್ಬನ್ ನೋಡಿ. ಕಡುನೀಲಿ, ಕೆಂಪು, ತಿಳಿನೀಲಿಯ ಮೂರು ಸಮ ಪಟ್ಟೆಗಳಿದ್ದರೆ ಅದು 1939-45 ಸ್ಟಾರ್. ಯುದ್ಧಭೂಮಿಗೆ ಹೋಗಿದ್ದಕ್ಕೆ ಕೊಟ್ಟದ್ದು. ನಡುವೆ ಅಗಲವಾದ ಕೆಂಪು, ಎರಡೂ ಕಡೆ ಕಡುನೀಲಿ, ಆ ನೀಲಿಯೊಳಗೆ ಕಿತ್ತಳೆ ಗೆರೆ ಇದ್ದರೆ ಬರ್ಮಾ ಸ್ಟಾರ್. ಮರಳಿನ ಬಣ್ಣ ಜಾಸ್ತಿ ಇದ್ದರೆ ಆಫ್ರಿಕಾ ಸ್ಟಾರ್, ಅಂದರೆ ಉತ್ತರ ಅಥವಾ ಪೂರ್ವ ಆಫ್ರಿಕಾದ ಕಡೆ ಹೋಗಿದ್ದರು. ಕೆಂಪು, ಬಿಳಿ, ಹಸಿರು ಇದ್ದರೆ ಇಟಲಿ. ಅರಕಲಗೂಡಿನ ಹೊಲ ಬಿಟ್ಟು ಹೋದ ಹುಡುಗ ಯಾವ ನೆಲ ತುಳಿದ ಅಂತ ಇಷ್ಟರಿಂದಲೇ ಗೊತ್ತಾಗಿಬಿಡುತ್ತದೆ. ನನಗಂತೂ ಇದು ಇವತ್ತಿಗೂ ಮೈ ಜುಮ್ಮೆನ್ನಿಸುವ ವಿಷಯ.

ದುಂಡಗಿನ ಬಿಳಿ ಲೋಹದ ಪದಕದಲ್ಲಿ ಸಿಂಹವೊಂದು ಡ್ರ್ಯಾಗನ್ ಮೇಲೆ ನಿಂತಿದ್ದರೆ ಅದು ವಾರ್ ಮೆಡಲ್. 28 ದಿನ ಸೇವೆ ಮಾಡಿದವರಿಗೆಲ್ಲ ಸಿಕ್ಕಿದೆ. ಭಾರತದ ನಕ್ಷೆ ಇರುವುದು ಇಂಡಿಯಾ ಸರ್ವಿಸ್ ಮೆಡಲ್.

ಈಗ ಸ್ವಲ್ಪ ಕಷ್ಟದ ಮಾತು. ಇವೆಲ್ಲ ಸೇವಾ ಪದಕಗಳು, ಶೌರ್ಯ ಪದಕಗಳಲ್ಲ. ‘ನಮ್ಮ ತಾತನಿಗೆ ಶೌರ್ಯ ಪ್ರಶಸ್ತಿ ಬಂದಿತ್ತು’ ಅಂತ ಎಷ್ಟೋ ಮನೆಗಳಲ್ಲಿ ಹೇಳಿಕೊಂಡು ಬಂದಿರುತ್ತಾರೆ. ನಕ್ಷತ್ರ ಮಾತ್ರ ಇದ್ದರೆ ಹಾಗೆ ಹೇಳಲು ಬರುವುದಿಲ್ಲ. ಇದರಿಂದ ಬೇಜಾರಾಗಬೇಡಿ. ಆಗ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಬರ್ಮಾದ ಕಾಡಲ್ಲಿ ಮಲೇರಿಯಾ, ಮಳೆ, ಗುಂಡು ಎಲ್ಲವನ್ನೂ ದಾಟಿ ಜೀವಂತ ಬರುವುದು ಸಣ್ಣ ಮಾತಾ?

ಶೌರ್ಯಕ್ಕೆ ಕೊಟ್ಟಿದ್ದು ಬೇರೆಯೇ ಇರುತ್ತದೆ. ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್, ಮಿಲಿಟರಿ ಮೆಡಲ್, ಇಂಡಿಯನ್ ಆರ್ಡರ್ ಆಫ್ ಮೆರಿಟ್, ಎಲ್ಲಕ್ಕೂ ಮೇಲೆ ವಿಕ್ಟೋರಿಯಾ ಕ್ರಾಸ್ ಮತ್ತು ಜಾರ್ಜ್ ಕ್ರಾಸ್. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್) ಪಡೆಯ ಸುಬೇದಾರ್ ಸುಬ್ರಮಣಿಯನ್ ಅವರಿಗೆ ಜಾರ್ಜ್ ಕ್ರಾಸ್ ಬಂತು. 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ಜೊತೆಯವನೊಬ್ಬ ನೆಲಬಾಂಬ್ ತುಳಿದಾಗ, ಉಳಿದವರು ಬದುಕಲಿ ಅಂತ ಅವರು ಅದರ ಮೇಲೆಯೇ ಬಿದ್ದು ಪ್ರಾಣ ಬಿಟ್ಟರು. ಇಂಥ ಪದಕ ಪಡೆದವರ ಹೆಸರು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗುತ್ತಿತ್ತು. ಅದನ್ನು ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಹುಡುಕಬಹುದು. ನಿಮ್ಮ ವಾರ್ ಮೆಡಲ್‌ನ ರಿಬ್ಬನ್ ಮೇಲೆ ಚಿಕ್ಕ ಕಂಚಿನ ಎಲೆ ಇದೆಯಾ ನೋಡಿ. ಇದ್ದರೆ ಸೇನಾಧಿಕಾರಿಯ ವರದಿಯಲ್ಲಿ ತಾತನ ಹೆಸರು ವಿಶೇಷವಾಗಿ ಬಂದಿದೆ ಅಂತ ಅರ್ಥ.

ಪದಕದಿಂದ ತಾತ ಯಾವ ಕಡೆ ಹೋಗಿದ್ದರು ಅಂತ ಗೊತ್ತಾಯಿತು. ಆ ಮನುಷ್ಯನ ಕತೆ ಬೇಕು ಅಂದರೆ ಅವರ ಸೈನ್ಯದ ನಂಬರ್ ಬೇಕು. ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತೀರಿ. ‘ಗೌಡ’ ಅನ್ನುವ ಒಂದು ಪದವನ್ನೇ ಇಂಗ್ಲಿಷಿನಲ್ಲಿ ಮೂರ್ನಾಲ್ಕು ಥರ ಬರೆಯುತ್ತಾರೆ. ನಂಬರ್, ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದಲ್ಲಿರುತ್ತದೆ. ಅದಿಲ್ಲದಿದ್ದರೆ ಹಳೆಯ ಪಿಂಚಣಿ ಕಾಗದ ಹುಡುಕಿ. ಚಿಕ್ಕಮಗಳೂರು ಕಡೆಯ ಓದುಗರಿಗೆ ಇನ್ನೊಂದು ವಿಷಯ: ಆಗ ನಿಮ್ಮ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಕಾಗದದಲ್ಲಿ ‘ಕಡೂರು’ ಅಂತ ಕಂಡರೆ ಬೇರೆ ಯಾರದೋ ಅಂತ ಬದಿಗಿಡಬೇಡಿ.

ನಂಬರ್ ಮತ್ತು ಪಡೆಯ ಹೆಸರು ಸಿಕ್ಕರೆ ಆ ಪಡೆಯ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ. ಸ್ಯಾಪರ್ಸ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್‌ಗೆ ನೀಲಗಿರಿಯ ವೆಲ್ಲಿಂಗ್ಟನ್, ಸಿಗ್ನಲ್ಸ್‌ಗೆ ಜಬಲ್ಪುರ, ಫಿರಂಗಿ ಪಡೆಗೆ ನಾಸಿಕ್ ರೋಡ್. ಒಂದು ಎಚ್ಚರ: ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಡತಗಳನ್ನು 25 ವರ್ಷ ಇಟ್ಟು ನಾಶ ಮಾಡುವ ನಿಯಮವಿದೆ. ಯುದ್ಧ ಮುಗಿದ ಮೇಲೆ ಮನೆಗೆ ಬಂದ ಬಹಳ ಜನ ಈ ಗುಂಪಿನವರೇ. ಆದರೂ ‘ಲಾಂಗ್ ರೋಲ್’ ಅನ್ನುವ ಹೆಸರುಪಟ್ಟಿ ಉಳಿದಿರುತ್ತದೆ. ಪತ್ರದಲ್ಲಿ ಅದನ್ನೇ ಹೆಸರಿಸಿ ಕೇಳಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಪಿಂಚಣಿ ಇಲ್ಲದ ಮಹಾಯುದ್ಧದ ಸೈನಿಕರಿಗೂ ಅವರ ಪತ್ನಿಯರಿಗೂ ರಾಜ್ಯ ಸರ್ಕಾರ ತಿಂಗಳ ಸಹಾಯಧನ ಕೊಡುತ್ತದೆ. ತಾತನೋ ಅಜ್ಜಿಯೋ ಅದನ್ನು ಪಡೆದಿದ್ದರೆ ಅಲ್ಲಿ ಕಡತ ಇರಬಹುದು.

ಪದಕವೇ ಇಲ್ಲದ ಸೈನಿಕರೂ ಇದ್ದಾರೆ. ನಮ್ಮ ಮೈಸೂರು ಸಂಸ್ಥಾನದ ಕಾಲಾಳು ಪಡೆ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸಾವಿರಾರು ಭಾರತೀಯರು ಜಪಾನಿಗೆ ಸೆರೆಯಾದರು. ಅವರಲ್ಲಿ ಅನೇಕರು ಬ್ರಿಟಿಷರ ವಿರುದ್ಧವೇ ಹೋರಾಡಿದ ಆಜಾದ್ ಹಿಂದ್ ಫೌಜ್ ಸೇರಿದರು. ಅಂಥವರ ಮನೆಯವರು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಕಾಗದಗಳಲ್ಲಿ ಹುಡುಕಬೇಕು. ವಾಪಸ್ ಬರದೇ ಹೋದವರಿದ್ದರೆ, ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ನೋಡಿ. ಎಷ್ಟೋ ಹೆಸರಿನ ಜೊತೆ ತಂದೆಯ ಹೆಸರು, ಊರೂ ಇರುತ್ತದೆ.

ಕೊನೆಗೆ ಮನೆಯೊಳಗೇ ಹುಡುಕಿ. ಮಾಜಿ ಸೈನಿಕ ಅಂತ ಜಮೀನು ಮಂಜೂರಾಗಿದ್ದರೆ ಸಾಗುವಳಿ ಚೀಟಿ ಇರುತ್ತದೆ. ಹಳೆಯ ಲಕೋಟೆ ಸಿಕ್ಕರೆ ಅದರ ಮೇಲಿನ ಠಸ್ಸೆ ನೋಡಿ. ಯುದ್ಧಭೂಮಿಯ ಅಂಚೆ ಕಚೇರಿಗಳಿಗೆ ಊರ ಹೆಸರಿನ ಬದಲು ನಂಬರ್ ಇರುತ್ತಿತ್ತು. ಆ ನಂಬರು, ತಾರೀಖು ಎರಡೂ ಇದ್ದರೆ ಆ ದಿನ ತಾತ ಯಾವ ಕಡೆ ಇದ್ದರು ಅಂತ ಅಂಚೆಚೀಟಿ ಸಂಗ್ರಹಿಸುವವರು ಹೇಳಬಲ್ಲರು. ಆಮೇಲೆ ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ, ನಿಮ್ಮ ಸೋದರತ್ತೆ ಇದ್ದರೆ ಮೊದಲು ಅವರನ್ನೇ. ತಾತ ಎಲ್ಲಿದ್ದರು ಅಂತ ಕೇಳಬೇಡಿ. ಅವರು ಇಲ್ಲದಾಗ ಮನಿಯಾರ್ಡರ್ ಯಾರು ಬಿಡಿಸಿಕೊಳ್ಳುತ್ತಿದ್ದರು, ಹೊಲ ಯಾರು ಉಳುತ್ತಿದ್ದರು, ಕಾಗದ ಬಂದರೆ ಅಜ್ಜಿಗೆ ಯಾರು ಓದಿ ಹೇಳುತ್ತಿದ್ದರು ಅಂತ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ರೆಕಾರ್ಡ್ಸ್ ಕಚೇರಿಯ ಪತ್ರಕ್ಕೆ ಆರು ತಿಂಗಳು ಕಾಯಬಹುದು, ಇದನ್ನು ಮಾತ್ರ ಈ ಭಾನುವಾರವೇ ಮಾಡಿ.