ಡೇಯುಸ್ ಎಕ್ಸ್ ಮಾಕಿನಾ: ಅನಿರೀಕ್ಷಿತವಾದದ್ದೆಲ್ಲ ಅದಲ್ಲ

ಗೇಮ್ ಆಫ್ ಥ್ರೋನ್ಸ್ ಎಂಬ ಇಂಗ್ಲಿಷ್ ಟಿವಿ ಸರಣಿಯಲ್ಲಿ ವಿಂಟರ್‌ಫೆಲ್ ಕೋಟೆಯ ಕಾಳಗದ ಕಂತು ಬಂದು ವರ್ಷಗಳೇ ಕಳೆದಿವೆ. ಆದರೂ ಬೆಂಗಳೂರಿನಲ್ಲಿ ನಾಲ್ಕು ಜನ ಕೂತು ಆ ಸರಣಿಯ ಸುದ್ದಿ ಎತ್ತಿದರೆ ಸಾಕು, ಒಬ್ಬರಾದರೂ ತೀರ್ಪು ಕೊಟ್ಟೇ ಕೊಡುತ್ತಾರೆ: "ಆರ್ಯಾ ಬಂದು ನೈಟ್ ಕಿಂಗನ್ನ ಚುಚ್ಚಿದ್ದು ಪಕ್ಕಾ ಡ್ಯೂಸ್ ಎಕ್ಸ್ ಮಶೀನಾ ಗುರೂ." ಆರ್ಯಾ ಆ ಕೋಟೆಯ ಹುಡುಗಿ, ನೈಟ್ ಕಿಂಗ್ ಹೆಣಗಳನ್ನು ಎಬ್ಬಿಸಿ ಸೇನೆ ಕಟ್ಟುವ ಖಳ. ಪಾತ್ರಗಳಿಂದ ಬಿಚ್ಚಲಾಗದ ಗಂಟನ್ನು ಕಥೆಯ ಹೊರಗಿನವರು ಥಟ್ಟನೆ ಬಂದು ಬಿಚ್ಚುವುದಕ್ಕೆ ಇರುವ ಹೆಸರು ಈ ಪದ. ಮಾನ್ಯತಾ ಟೆಕ್ ಪಾರ್ಕಿನ ಊಟದ ಮೇಜಿನಲ್ಲಿ, ಜಯನಗರದ ಕಾಫಿ ಅಂಗಡಿ ಮುಂದೆ, ಮೆಟ್ರೊದಲ್ಲಿ ಪಕ್ಕದವರ ಹರಟೆಯಲ್ಲಿ ಇದನ್ನು ಕೇಳಿ ಸಾಕಾಗಿದೆ. ಈಗಂತೂ ಕೊನೆಯ ಎಸೆತಕ್ಕೆ ಹತ್ತನೇ ಕ್ರಮಾಂಕದವನು ಸಿಕ್ಸರ್ ಬಾರಿಸಿದರೂ ಅದೇ ಹೆಸರು. ಹತ್ತನೇ ಕ್ರಮಾಂಕದವನ ಹೆಸರು ಬೆಳಿಗ್ಗೆಯೇ ತಂಡದ ಪಟ್ಟಿಯಲ್ಲಿತ್ತಲ್ಲ? ಅವನು ಹೊಡೆದದ್ದು ಅಚ್ಚರಿ ಇರಬಹುದು. ಅಚ್ಚರಿಯೇ ಬೇರೆ, ಈ ಪದ ಹೇಳುವುದೇ ಬೇರೆ.

ಮೊದಲು ಉಚ್ಚಾರ ಸರಿಮಾಡಿಕೊಳ್ಳೋಣ. 'ಮಶೀನಾ' ಅಲ್ಲ, 'ಮಾಕಿನಾ'. ಲ್ಯಾಟಿನ್ನಿನಲ್ಲಿ ಅಲ್ಲಿರುವುದು ಕಕಾರ, ಶಕಾರವಲ್ಲ. ಇಂಗ್ಲಿಷಿನವರು ಫ್ರೆಂಚಿನ ದಾರಿಯಿಂದ 'ಮಶೀನ್' ತಂದುಕೊಂಡರು, ನಾವು ಅವರಿಂದ 'ಮಿಷನ್ನು' ತಂದುಕೊಂಡೆವು. ಆ ರೂಢಿಯನ್ನು ಹಿಂದಕ್ಕೆ ಒಯ್ದು ಲ್ಯಾಟಿನ್ನಿಗೆ ಅಂಟಿಸುವುದರಿಂದ ಈ ತಪ್ಪು. 'ಡೇಯುಸ್' ಎಂದರೆ ದೇವರು. ನಮ್ಮ 'ದೇವ'ನಿಗೂ ಅದಕ್ಕೂ ಬೇರು ಒಂದೇ, ಇಂಡೋ-ಯುರೋಪಿಯನ್ ಮೂಲದ ಒಂದೇ ಪದದಿಂದ ಎರಡೂ ಕವಲೊಡೆದಿವೆ. ಗ್ರೀಕರ 'ಥಿಯೋಸ್' ಕೂಡ ದೇವರೇ, ಕಿವಿಗೆ ಡೇಯುಸ್‌ಗೆ ಇನ್ನೂ ಹತ್ತಿರ ಎನಿಸುತ್ತದೆ. ಆದರೆ ಅದಕ್ಕೆ ಈ ಬೇರಿನ ಸಂಬಂಧವೇ ಇಲ್ಲ. ಕೇಳುವುದಕ್ಕೆ ಒಂದೇ ಥರ ಇದ್ದದ್ದು ನೆಂಟರಲ್ಲ, ದೂರದ ಸಂಸ್ಕೃತದ ಪದ ಅಣ್ಣತಮ್ಮ. ಭಾಷಾಶಾಸ್ತ್ರ ಓದುವವರಿಗೆ ಇದು ಮೊದಲ ವರ್ಷದ ಪಾಠ, ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಇನ್ನು 'ಮಾಕಿನಾ' ಎಂದರೆ ಯಂತ್ರ, 'ಎಕ್ಸ್' ಎಂದರೆ 'ಇಂದ': ಒಟ್ಟು ಅರ್ಥ 'ಯಂತ್ರದಿಂದ ಬಂದ ದೇವರು'. ಜನ ದಾರಿ ತಪ್ಪುವುದು ಇಲ್ಲೇ. ಯಂತ್ರ ಎಂದ ಕೂಡಲೇ ರೋಬೋ, ಕಂಪ್ಯೂಟರ್ ಎಂದುಕೊಳ್ಳುತ್ತಾರೆ. ಈ ಪದದೊಳಗಿನ ಯಂತ್ರ ಒಂದು ಕ್ರೇನು, ನಾಟಕದ ಕ್ರೇನು. ಗ್ರೀಕಿನಲ್ಲಿ ಅದಕ್ಕೆ 'ಮೇಖನೆ' ಎನ್ನುತ್ತಿದ್ದರು. ಗ್ರೀಕಿನದೇ ಡೋರಿಕ್ ಉಪಭಾಷೆಯಲ್ಲಿ ಅದು 'ಮಾಖನಾ', ಲ್ಯಾಟಿನ್ನಿಗೆ ಹೋಗಿ 'ಮಾಕಿನಾ'. ನಮ್ಮ ಬಾಯಲ್ಲಿ ದಿನವೂ ಓಡಾಡುವ 'ಮೆಕ್ಯಾನಿಕ್' ಕೂಡ ಅದೇ ಮೇಖನೆಯ ಮರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಕಡೆ ರವೀಂದ್ರ ಕಲಾಕ್ಷೇತ್ರ ಇದೆ, ಅದೇ ರಸ್ತೆಯುದ್ದಕ್ಕೂ ಕಾರಿನ ಬಿಡಿಭಾಗದ ಅಂಗಡಿಗಳೂ ಮೆಕ್ಯಾನಿಕ್ಕುಗಳೂ ಇದ್ದಾರೆ. ರಂಗಭೂಮಿಯವರೂ ಮೆಕ್ಯಾನಿಕ್ಕುಗಳೂ ಒಂದೇ ಬೀದಿಯವರು ಎಂಬುದಕ್ಕೆ ಈ ಪದದ ಚರಿತ್ರೆಯಲ್ಲೂ ಸಾಕ್ಷಿ ಇದೆ.

ಆ ಕ್ರೇನು ಮಾಡುತ್ತಿದ್ದ ಕೆಲಸ ಇಷ್ಟು. ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸಿನಲ್ಲಿ ಬಯಲು ರಂಗದ ಹಿಂದೆ ಒಂದು ಕಟ್ಟಡ ಇರುತ್ತಿತ್ತು, ಅರಮನೆಯೋ ದೇಗುಲವೋ ಎಂದು ತೋರಿಸಲು. ಮರದ ತೊಲೆ, ರಾಟೆ, ಹಗ್ಗ ಹೂಡಿ ದೇವರ ವೇಷದ ನಟನನ್ನು ಅದರ ಸೂರಿನ ಮೇಲಕ್ಕೆ ಎತ್ತುತ್ತಿದ್ದರು. ಕಂಪನಿ ನಾಟಕ ನೋಡಿದ ಹಿರಿಯರಿಗೆ ಮೇಲಿನಿಂದ ಹಗ್ಗದಲ್ಲಿ ಇಳಿಯುವ ನಾರದ ಹೊಸಬನಲ್ಲ, ಅದೇ ಉಪಾಯ. ಸೋಫೋಕ್ಲಿಸನ ಫಿಲೊಕ್ಟೆಟಿಸ್‌ನಲ್ಲಿ, ಅಂದರೆ ಕ್ರಿ.ಪೂ. 409ರಲ್ಲಿ, ಕೊನೆಗೆ ಹೆರಾಕ್ಲಿಸ್ ಕಾಣಿಸಿಕೊಂಡು, ಯಾರು ಹೇಳಿದರೂ ಕೇಳದಿದ್ದ ನಾಯಕನನ್ನು ಟ್ರಾಯ್‌ಗೆ ಹೊರಡಿಸುತ್ತಾನೆ. ಮರುವರ್ಷ ಯೂರಿಪಿಡೀಸನ ಒರೆಸ್ಟಿಸ್‌ನಲ್ಲಿ ಮನೆಗೆ ಬೆಂಕಿ, ಹುಡುಗಿಯ ಕುತ್ತಿಗೆಗೆ ಕತ್ತಿ, ಯಾರೂ ಹಿಂದೆ ಸರಿಯಲಾರದ ಹೊತ್ತಿಗೆ ಅಪೊಲೊ ಮೇಲೆ ನಿಂತು ಎಲ್ಲರಿಗೂ ಅಪ್ಪಣೆ ಕೊಟ್ಟು ಮದುವೆಗಳನ್ನೂ ನಿಶ್ಚಯಿಸಿಬಿಡುತ್ತಾನೆ. ಅಲ್ಲಿಯತನಕ ಕಟ್ಟಿದ ಗಂಟನ್ನು ಪಾತ್ರಗಳು ಬಿಚ್ಚಲಿಲ್ಲ, ಹೊರಗಿನವನೊಬ್ಬ ಬಂದು ಬಿಚ್ಚಿದ.

ಗ್ರೀಕರಿಗೇ ಇದು ಅತಿ ಎನಿಸಿತ್ತು. ಅರಿಸ್ಟೋಫೇನಿಸ್ ಕ್ರಿ.ಪೂ. 421ರ 'ಶಾಂತಿ' ನಾಟಕದಲ್ಲಿ ರೈತನೊಬ್ಬನನ್ನು ದೊಡ್ಡ ಸಗಣಿಹುಳದ ಬೆನ್ನೇರಿಸಿ ಆಕಾಶಕ್ಕೆ ಕಳಿಸುತ್ತಾನೆ. ಅರ್ಧದಾರಿಯಲ್ಲಿ ಆ ಪಾತ್ರ ಹೆದರಿ, ಪಾತ್ರವನ್ನೇ ಮರೆತು, ಕ್ರೇನು ನಡೆಸುವವನಿಗೆ "ನನ್ನ ಕಡೆ ಗಮನ ಇರಲಪ್ಪಾ" ಎಂದು ಕೂಗುತ್ತದೆ. ಆಂಟಿಫೇನಿಸ್ ಎಂಬ ಇನ್ನೊಬ್ಬ ಹಾಸ್ಯ ನಾಟಕಕಾರನದು ನೇರ ದೂರು: ರುದ್ರನಾಟಕದವರಿಗೆ ಹೇಳಲು ಏನೂ ತೋಚದಾಗ ಬೆರಳೆತ್ತಿದಷ್ಟು ಸಲೀಸಾಗಿ ಯಂತ್ರ ಎತ್ತುತ್ತಾರೆ, ನಮಗೆ ಆ ಸೌಕರ್ಯ ಇಲ್ಲ. ಅರಿಸ್ಟಾಟಲ್ ಕಾವ್ಯಮೀಮಾಂಸೆಯ 15ನೇ ಅಧ್ಯಾಯದಲ್ಲಿ ಇದನ್ನೇ ನಿಯಮ ಮಾಡಿದ. ಕಥೆಯ ಗಂಟು ಕಥೆಯಿಂದಲೇ ಬಿಚ್ಚಿಕೊಳ್ಳಬೇಕು, ಯಂತ್ರದಿಂದ ಅಲ್ಲ. ಅವನು ಕೊಟ್ಟ ಉದಾಹರಣೆ ಮೆಡಿಯಾ. ಅವಳು ಕೊನೆಗೆ ಸೂರ್ಯದೇವನ ರಥವೇರಿ ತಪ್ಪಿಸಿಕೊಳ್ಳುತ್ತಾಳೆ. ಆದರೆ ಮೆಡಿಯಾ ಸೂರ್ಯನ ಮೊಮ್ಮಗಳು ಎಂಬುದು ನಾಟಕದೊಳಗೆ ಮೊದಲೇ ಬಂದಿರುತ್ತದೆ. ಅರಿಸ್ಟಾಟಲನದೇ ಅಳತೆಗೋಲು ಹಿಡಿದರೂ ಆ ಉದಾಹರಣೆ ಅವನು ಅಂದುಕೊಂಡಷ್ಟು ಗಟ್ಟಿಯಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗಾಗಿ ಪದಕ್ಕೆ ಬೇಕಾದದ್ದು ಎರಡು. ಬಿಚ್ಚಲಾಗದ ಗಂಟು ಇರಬೇಕು, ಅದನ್ನು ಬಿಚ್ಚುವ ಕೈ ಕಥೆಯ ಹೊರಗಿನದಾಗಿರಬೇಕು. ಹೊರಗಿನದು ಎಂದರೆ ಕೋಣೆಯ ಹೊರಗೆ, ರಣರಂಗದ ಹೊರಗೆ ಎಂದಲ್ಲ. ಅದು ಬರಬಹುದು ಎನ್ನಲು ಕಥೆ ಅಲ್ಲಿಯವರೆಗೆ ಏನನ್ನೂ ಕೊಟ್ಟಿರಬಾರದು.

ಈಗ ಆರ್ಯಾ. 'ದಿ ಲಾಂಗ್ ನೈಟ್' ಎಂಬ ಆ ಕಂತು ನಮ್ಮಲ್ಲಿ ಬಂದದ್ದು 2019ರ ಏಪ್ರಿಲ್ 29, ಸೋಮವಾರ, ಬೆಳಿಗ್ಗೆ ಆರೂವರೆಗೆ. 82 ನಿಮಿಷ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಬಿಸಿಲು ಬಂದಿರುತ್ತದೆ, ಪರದೆ ಎಳೆದುಕೊಂಡು ಕೂತರೂ ಆ ಕತ್ತಲ ಕಾಳಗದಲ್ಲಿ ಯಾರು ಯಾರೆಂದು ತಿಳಿಯುವುದು ಕಷ್ಟವೇ ಇತ್ತು. ಅದು ಬೇರೆ ದೂರು, ನ್ಯಾಯವಾದ ದೂರು. ಆದರೆ ಕೊನೆಯ ದೃಶ್ಯದಲ್ಲಿ ಬೆಳಕು ಸಾಕಷ್ಟಿದೆ. ವಿಂಟರ್‌ಫೆಲ್ಲಿನ ದೇವವನದಲ್ಲಿ ನೈಟ್ ಕಿಂಗ್ ಆರ್ಯಾಳ ತಮ್ಮ ಬ್ರಾನ್ ಎದುರು ನಿಂತಿದ್ದಾನೆ. ಹಿಂದೆ ಸಾಲಾಗಿ ನಿಂತ ಅವನ ಸೇನಾನಿಗಳಲ್ಲಿ ಒಬ್ಬನ ಕೂದಲು ಏನೋ ಸುಳಿದುಹೋದ ಹಾಗೆ ಅಲುಗುತ್ತದೆ. ಆರ್ಯಾ ಹಾರುತ್ತಾಳೆ. ಅವನು ತಿರುಗಿ ಅವಳ ಕುತ್ತಿಗೆ ಹಿಡಿಯುತ್ತಾನೆ, ಕಠಾರಿ ಇದ್ದ ಎಡಗೈಯನ್ನೂ ಹಿಡಿಯುತ್ತಾನೆ. ಅವಳು ಕಠಾರಿ ಕೈಬಿಡುತ್ತಾಳೆ, ಕೆಳಗೆ ಬಲಗೈ ಅದನ್ನು ಹಿಡಿಯುತ್ತದೆ, ಚುಚ್ಚುತ್ತದೆ.

ಇದರಲ್ಲಿ ಹೊರಗಿನಿಂದ ಬಂದದ್ದು ಯಾವುದು? ಕಠಾರಿ ಮೊದಲ ಸೀಸನ್ನಿನ ಎರಡನೇ ಕಂತಿನಿಂದ ಕಥೆಯಲ್ಲಿದೆ. ಬ್ರಾನ್‌ನನ್ನು ಹಾಸಿಗೆಯಲ್ಲೇ ಕೊಲ್ಲಲು ಬಂದವನ ಕೈಯಲ್ಲಿದ್ದದ್ದು ಅದೇ. ಏಳನೇ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ಬ್ರಾನ್ ಅದನ್ನು ಆರ್ಯಾಗೆ ಕೊಡುತ್ತಾನೆ. ಅದೇ ಕಂತಿನಲ್ಲಿ ಬ್ರಿಯೆನ್ ಎಂಬ ಯೋಧೆಯ ಜೊತೆಗಿನ ಅಭ್ಯಾಸದಲ್ಲಿ ಒಂದು ಕೈಯಿಂದ ಬಿಟ್ಟು ಇನ್ನೊಂದರಲ್ಲಿ ಹಿಡಿಯುವ ವರಸೆಯನ್ನು ಅವಳು ಮಾಡಿಯೂ ತೋರಿಸುತ್ತಾಳೆ. ಸದ್ದಿಲ್ಲದೆ ಹತ್ತಿರ ಬರುವ ವಿದ್ಯೆಯೋ? ಎಂಟನೇ ಸೀಸನ್ನಿನ ಮೊದಲ ಕಂತಿನಲ್ಲಿ, ಅದೇ ದೇವವನದಲ್ಲಿ, ನನ್ನ ಹಿಂದೆ ಗೊತ್ತಾಗದ ಹಾಗೆ ಹೇಗೆ ಬಂದೆ ಎಂದು ಅಣ್ಣನಾಗಿ ಅವಳ ಜೊತೆ ಬೆಳೆದ ಜಾನ್ ಸ್ನೋನೇ ಅವಳನ್ನು ಕೇಳುತ್ತಾನೆ. ನೈಟ್ ಕಿಂಗ್ ಸತ್ತರೆ ಸೇನೆಯೆಲ್ಲ ಕುಸಿಯುವ ಸಂಗತಿಗೂ ಏಳನೇ ಸೀಸನ್ನಿನಲ್ಲೇ ಅಡಿಪಾಯ ಇದೆ: ನೈಟ್ ಕಿಂಗ್‌ನ ಸೇನಾನಿಯಾದ ವೈಟ್ ವಾಕರ್ ಒಬ್ಬ ಸತ್ತ ಕೂಡಲೇ ಅವನು ಎಬ್ಬಿಸಿದ ಹೆಣಗಳು ನೆಲಕ್ಕೆ ಬೀಳುವುದನ್ನು ಜಾನ್‌ನ ತಂಡ ಕಣ್ಣಾರೆ ನೋಡಿದೆ. ಆಯುಧ, ವರಸೆ, ಜಾಗ, ಫಲ, ಎಲ್ಲವೂ ಒಳಗಿನವೇ. ಇದನ್ನು ಡೇಯುಸ್ ಎಕ್ಸ್ ಮಾಕಿನಾ ಎನ್ನುವವರು ಹಿಂದಿನ ಕಂತುಗಳನ್ನು ಇನ್ನೊಮ್ಮೆ ನೋಡಲಿ.

ಅದೇ ಸರಣಿಯಲ್ಲಿ ನಿಜವಾದದ್ದು ಬೇಕಿದ್ದರೆ ಇದೆ. ಏಳನೇ ಸೀಸನ್ನಿನ ಆರನೇ ಕಂತಿನಲ್ಲಿ ಹಿಮದ ಕೆರೆಯಿಂದ ಎದ್ದ ಜಾನ್‌ನನ್ನು ಹೆಣಗಳು ಮುತ್ತುವಾಗ ಚಿಕ್ಕಪ್ಪ ಬೆಂಜನ್ ಕುದುರೆಯೇರಿ ಎಲ್ಲಿಂದಲೋ ಬರುತ್ತಾನೆ, ಅವನನ್ನು ಕುದುರೆ ಹತ್ತಿಸಿ ಕಳಿಸುತ್ತಾನೆ, ಸಾಯುತ್ತಾನೆ. ಆ ಸೀಸನ್ನಿನಲ್ಲಿ ಅವನ ಸುಳಿವೂ ಇರಲಿಲ್ಲ, ಆ ಒಂದು ನಿಮಿಷಕ್ಕಷ್ಟೇ ಅವನು ಬೇಕಾಗಿತ್ತು. ಇದಕ್ಕೆ ಆ ಪದ ಧಾರಾಳವಾಗಿ ಸಲ್ಲುತ್ತದೆ. ಅದೇ ಕಂತಿನಲ್ಲಿ ಡ್ರ್ಯಾಗನ್ ಏರಿ ಬರುವ ರಾಣಿ ಡನೇರಿಸ್‌ಗೆ ಸಲ್ಲುವುದಿಲ್ಲ, ಏಕೆಂದರೆ ಜಾನ್‌ನ ತಂಡದ ಗೆಂಡ್ರಿ ಓಡಿ ಕೋಟೆ ಸೇರಿದ್ದನ್ನು ನಾವು ನೋಡಿದ್ದೇವೆ, ಅಲ್ಲಿಂದ ಅವಳಿಗೆ ಕರೆ ಹೋಗಿದೆ. ಅಷ್ಟು ದೂರ ಅಷ್ಟು ಬೇಗ ಹೇಗೆ ಬಂದಳು ಎಂದು ಜಗಳ ಆಡಿ, ನಾನೂ ಆಡುತ್ತೇನೆ. ಅದು ದೂರ-ಕಾಲದ ಲೆಕ್ಕದ ಜಗಳ. 2016ರ ಬಾಸ್ಟರ್ಡ್ಸ್ ಕಾಳಗದಲ್ಲಿ ವೇಲ್ ಕಣಿವೆಯ ಅಶ್ವದಳ ಬಂದದ್ದಕ್ಕೂ ಸಲ್ಲದು, ಆರ್ಯಾಳ ಅಕ್ಕ ಸಾನ್ಸಾ ಎರಡು ಕಂತು ಮೊದಲು ಪತ್ರ ಬರೆದಿರುತ್ತಾಳೆ. ಉತ್ತರದ ಗಡಿಯ ಹಿಮಗೋಡೆಯ ಬಳಿ ಸ್ಟ್ಯಾನಿಸ್ ಎಂಬ ರಾಜನ ಸೇನೆ ನುಗ್ಗಿದ್ದು ನಾಲ್ಕನೇ ಸೀಸನ್ನಿನ ಕೊನೆಗೆ, ಆದರೆ ಗೋಡೆಯಿಂದ ಬಂದ ಮೊರೆಯ ಪತ್ರವನ್ನು ಅವನ ಆಪ್ತ ಡಾವೋಸ್ ತೊದಲುತ್ತ ಓದಿದ್ದು ಮೂರನೆಯದರ ಕೊನೆಗೆ. ನೋಡುಗರು ಮರೆತಿದ್ದರೆ ಅದಕ್ಕೆ ಕಥೆಯ ಮೇಲೆ ದೋಷ ಹೊರಿಸಲಾಗದು.

ಕನ್ನಡ ಓದಿಕೊಂಡವರಿಗೆ ಈ ವ್ಯತ್ಯಾಸ ಕಷ್ಟವಾಗಲೇಬಾರದು. ರಾಘವಾಂಕನ ಹರಿಶ್ಚಂದ್ರ ಕಾವ್ಯದ ಕೊನೆಯಲ್ಲಿ, ಚಂದ್ರಮತಿಯ ಮೇಲೆ ಕತ್ತಿ ಎತ್ತಿದ ಗಳಿಗೆಯಲ್ಲಿ, ಸಾಕ್ಷಾತ್ ಶಿವನೇ ಪ್ರತ್ಯಕ್ಷನಾಗುತ್ತಾನೆ. ದೇವರು ಬಂದ, ಗಂಟು ಬಿಚ್ಚಿತು. ಹಾಗಿದ್ದರೂ ಇದು ಡೇಯುಸ್ ಎಕ್ಸ್ ಮಾಕಿನಾ ಅಲ್ಲ ಎಂದು ನಾನು ವಾದಿಸುತ್ತೇನೆ. ಕಾವ್ಯ ಶುರುವಾದದ್ದೇ ಇಂದ್ರನ ಸಭೆಯಲ್ಲಿ, ವಸಿಷ್ಠ-ವಿಶ್ವಾಮಿತ್ರರ ಪಂತದಿಂದ. ದೇವಲೋಕ ಮೊದಲಿನಿಂದಲೂ ಈ ಪರೀಕ್ಷೆ ನೋಡುತ್ತಲೇ ಇದೆ, ಕೊನೆಗೆ ಫಲಿತಾಂಶ ಹೇಳಲು ಬಂದಿದೆ. ಸೈಂಧವನ ವಧೆಯ ದಿನ ಕೃಷ್ಣ ಸುದರ್ಶನದಿಂದ ಸೂರ್ಯನನ್ನು ಮರೆಮಾಡಿದ್ದೂ ಹೀಗೇ. ದೇವರೇ ಮಾಡಿದ್ದು, ಆದರೆ ಆ ದೇವರು ಬೆಳಗಿನಿಂದ ಅದೇ ರಥದ ಮೂಕಿಯಲ್ಲಿ ಕೂತವನು.

ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆ ಇನ್ನೂ ಸೊಗಸು, ಒಂದೇ ಕಥೆಯಲ್ಲಿ ಎರಡೂ ಸಿಗುತ್ತವೆ. ತನ್ನ ಸಾವಿನ ಪತ್ರವನ್ನು ತಾನೇ ಹೊತ್ತು ಬಂದ ಹುಡುಗ ಉಪವನದಲ್ಲಿ ನಿದ್ದೆ ಹೋಗಿದ್ದಾನೆ. ಆ ಪತ್ರ ಬರೆದ ಮಂತ್ರಿ ದುಷ್ಟಬುದ್ಧಿಯ ಮಗಳು ವಿಷಯೆ ಅದನ್ನು ಓದಿ, ವಿಷ ಎಂದಿದ್ದಲ್ಲಿ ವಿಷಯೆ ಎಂದು ತಿದ್ದುತ್ತಾಳೆ, ಕೊಲೆಯಾಗಬೇಕಿದ್ದವನಿಗೆ ಮದುವೆಯಾಗುತ್ತದೆ. ಎಷ್ಟೇ ಆಕಸ್ಮಿಕವಾಗಿ ಕಂಡರೂ ಅಲ್ಲಿ ಬಿಚ್ಚುವ ಕೈ ಒಂದು ಪಾತ್ರದ್ದು, ಅವಳ ಆಸೆಯಿಂದ ಎದ್ದದ್ದು. ಕಥೆಯ ಕೊನೆಗೆ ವಿಷಯೆಯ ಅಣ್ಣ ಮದನನೂ ದುಷ್ಟಬುದ್ಧಿಯೂ ಚಂಡಿಕೆಯ ಗುಡಿಯಲ್ಲಿ ಹೆಣವಾಗಿ ಬಿದ್ದಿರುವಾಗ ಚಂದ್ರಹಾಸ ತನ್ನನ್ನೇ ಬಲಿಕೊಡಲು ಹೊರಡುತ್ತಾನೆ, ದೇವಿ ಒಲಿದು ಸತ್ತವರನ್ನು ಬದುಕಿಸುತ್ತಾಳೆ. ಭಕ್ತಿಕಾವ್ಯದಲ್ಲಿ ಅದು ಕುಂದಲ್ಲ, ಅದೇ ಅದರ ಗುರಿ. ಆದರೆ ತಂತ್ರದ ಹೆಸರು ಕೇಳಿದರೆ ಹೌದು, ಅದು ಡೇಯುಸ್ ಎಕ್ಸ್ ಮಾಕಿನಾ. ಹಳೆಯ ಸಿನಿಮಾಗಳ ಕೊನೆಗೆ ಬರುವ ಪೊಲೀಸ್ ಜೀಪು ಮಾತ್ರ ಖಂಡಿತ ಅಲ್ಲ. ನಾಯಕ ಎಲ್ಲರನ್ನೂ ಬಡಿದು ಮುಗಿಸಿದ ಮೇಲೆ ಬರುವವರು ಯಾವ ಗಂಟನ್ನೂ ಬಿಚ್ಚುವುದಿಲ್ಲ.

ಹಾಗಾದರೆ ಆರ್ಯಾಳ ದೃಶ್ಯ ನೋಡಿ ಸಿಟ್ಟಾದವರದು ಹುಸಿ ಸಿಟ್ಟೇ? ಅಲ್ಲ. ಅದಕ್ಕೆ ಸರಿಯಾದ ಹೆಸರು ಹುಡುಕಲಿಲ್ಲ, ಅಷ್ಟೆ. 2015ರ ಹಾರ್ಡ್‌ಹೋಮ್ ಕಂತಿನ ಕೊನೆ ನೆನಪಿದೆಯಲ್ಲ? ಜಾನ್ ದೋಣಿಯಲ್ಲಿ ದೂರ ಸರಿಯುತ್ತಿದ್ದಾನೆ. ದಡದಲ್ಲಿ ನೈಟ್ ಕಿಂಗ್ ಅವನನ್ನೇ ನೋಡುತ್ತ ಎರಡೂ ತೋಳು ನಿಧಾನಕ್ಕೆ ಎತ್ತುತ್ತಾನೆ, ಆಗಷ್ಟೇ ಸತ್ತವರೆಲ್ಲ ಎದ್ದು ನಿಲ್ಲುತ್ತಾರೆ. ಅಂದಿನಿಂದ ಸರಣಿ ನಮಗೆ ಆ ಇಬ್ಬರ ಮುಖಾಮುಖಿಯ ಆಸೆ ತೋರಿಸುತ್ತ ಬಂತು. ಕೊನೆಗೆ ಜಾನ್ ಸತ್ತ ಡ್ರ್ಯಾಗನ್ನಿನ ಮುಂದೆ ಕಿರುಚುತ್ತ ನಿಂತಿದ್ದ, ಕೆಲಸ ಬೇರೆ ಕಡೆ ಮುಗಿದುಹೋಯಿತು. ನನಗೂ ಅದು ನುಂಗಲಾಗದ ನಿರಾಸೆ. ಆದರೆ ಗಮನಿಸಿ, ಇದು ಡೇಯುಸ್ ಎಕ್ಸ್ ಮಾಕಿನಾದ ತದ್ವಿರುದ್ಧ. ಅಲ್ಲಿ ಸಿದ್ಧತೆ ಇಲ್ಲದ್ದು ನಡೆಯುತ್ತದೆ, ಇಲ್ಲಿ ಸಿದ್ಧತೆ ಆದದ್ದು ನಡೆಯಲಿಲ್ಲ. ಒಂದೇ ಪದಕ್ಕೆ ಎರಡನ್ನೂ ಕಟ್ಟಿದರೆ ಎರಡು ದೂರುಗಳೂ ಮೊಂಡಾಗುತ್ತವೆ.

ಇನ್ನು ಆ ರಾತ್ರಿ ಸಾಯಬೇಕಿದ್ದವರು ಸಾಯದೆ ಉಳಿದದ್ದು ಮೂರನೆಯ ದೂರು, ಅದಕ್ಕೂ ತನ್ನದೇ ಹೆಸರಿದೆ: ಪ್ಲಾಟ್ ಆರ್ಮರ್, ಕಥೆ ತೊಡಿಸಿದ ಕವಚ. ಬ್ರಿಯೆನ್, ಜೇಮಿ, ಟೋರ್ಮಂಡ್ ಗೋಡೆಗೆ ಒತ್ತಿಕೊಂಡು ಮೈಮೇಲೆಲ್ಲ ಹೆಣಗಳು ಹತ್ತುತ್ತಿದ್ದರೂ ಬೆಳಗಿಗೆ ನಿಂತೇ ಇದ್ದರು. ಅವರಾದರೂ ಕಾದಾಡುವವರು. ಜಾನ್‌ನ ಗೆಳೆಯ ಸ್ಯಾಮ್ ಹೆಣದ ರಾಶಿಯ ಮೇಲೆ ಬಿದ್ದು ಅಳುತ್ತಿದ್ದ, ಸುತ್ತ ಕಚ್ಚಲು ಬರುವವರೇ. ಅವನು ಹೇಗೆ ಉಳಿದ ಎಂಬುದಕ್ಕೆ ಆ 82 ನಿಮಿಷಗಳಲ್ಲಿ ಎಲ್ಲೂ ಉತ್ತರ ಇಲ್ಲ. ಜಗಳ ಆಡುವವರು ಅದನ್ನು ಹಿಡಿದು ಆಡಲಿ.