ಮಳೆ ರಜೆಯಲ್ಲಿ ಮೈ ಕುಣಿಸುವ ವಿಡಿಯೊ ಗೇಮ್: ಇದರಿಂದ ಮಕ್ಕಳಿಗೆ ಎಷ್ಟು ಲಾಭ?

ಜೂನ್ ಬಂತೆಂದರೆ ಕಾರವಾರದ ಮಕ್ಕಳ ಆಟಕ್ಕೆ ಬೀಗ ಬಿದ್ದಂತೆ. ಮಾಲಾದೇವಿ ಮೈದಾನ ಒದ್ದೆ, ಕಡಲು ಉಕ್ಕುತ್ತಿರುತ್ತದೆ. ಶಿರಸಿ, ಸಿದ್ದಾಪುರದ ಕಡೆಯಂತೂ ಮಳೆಗೆ ಬಿಡುವೇ ಇಲ್ಲ. ಜಿಲ್ಲಾಧಿಕಾರಿ ರಜೆ ಕೊಟ್ಟರೆ ಮಕ್ಕಳು ದಿನವಿಡೀ ಮನೆಯೊಳಗೆ, ಕೈಯಲ್ಲಿ ಮೊಬೈಲ್. 'ಕೂತು ಆಡೋ ಬದಲು ಕುಣಿದು ಆಡೋ ಗೇಮ್ ತಂದುಕೊಟ್ಟರೆ ಆಗಲ್ವಾ?' ಎಂದು ಅಪ್ಪ-ಅಮ್ಮ ಕೇಳುವುದು ಸಹಜ. ಒಬ್ಬರು ಒಳ್ಳೇದು ಅಂತಾರೆ, ಇನ್ನೊಬ್ಬರು ಅದೂ ಚಟ ಅಂತಾರೆ. ಎರಡೂ ಮಾತಿಗೆ ಹಿನ್ನೆಲೆ ಇದೆ.

ಕಾಲಲ್ಲಿ ತುಳಿದು ಆಡುವ ಚಾಪೆಗಳು 1980ರ ದಶಕದಲ್ಲೇ ಬಂದಿದ್ದವು, ಹೆಚ್ಚು ದಿನ ನಡೆಯಲಿಲ್ಲ. 1998ರಲ್ಲಿ ಜಪಾನಿನ ಕೊನಾಮಿ ಕಂಪನಿಯ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಗೆದ್ದಿತು. ಮುಂದೆ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅದು ಶಾಲೆಯ ವ್ಯಾಯಾಮದ ತರಗತಿಗೂ ಬಂತು. 2006ರ ಕೊನೆಗೆ ನಿಂಟೆಂಡೊ ಕಂಪನಿಯ 'ವೀ' ಎಂಬ, ಟಿವಿಗೆ ಜೋಡಿಸುವ ಗೇಮ್ ಯಂತ್ರ ಬಂದ ಮೇಲೆ ಆಸೆ ಗಗನಕ್ಕೇರಿತು. ರಿಮೋಟ್ ಬೀಸಿದರೆ ಪರದೆಯ ಮೇಲೆ ಟೆನಿಸ್! ಮಕ್ಕಳ ಬೊಜ್ಜಿಗೆ ಮದ್ದು ಸಿಕ್ಕಿತು ಎಂದೇ ಹಲವರು ನಂಬಿದರು.

ಸಂಶೋಧಕರು ಅಳೆದು ನೋಡಿದರು. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 13ರಿಂದ 15 ವರ್ಷದವರ ಮೇಲೆ ನಡೆಸಿದ ಅಧ್ಯಯನ ಬಂತು. ಕೂತು ಆಡುವುದಕ್ಕಿಂತ ವೀ ಗೇಮಿನಲ್ಲಿ ಶಕ್ತಿ ಜಾಸ್ತಿ ಖರ್ಚಾಗುತ್ತದೆ, ಆದರೆ ನಿಜವಾದ ಆಟದಷ್ಟಲ್ಲ. 2012ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದದ್ದು ಇನ್ನೂ ಮುಖ್ಯ. 9ರಿಂದ 12 ವರ್ಷದ ಮಕ್ಕಳಲ್ಲಿ ಕೆಲವರಿಗೆ ವೀಯಲ್ಲಿ ಕುಣಿಯುವ ಗೇಮ್, ಉಳಿದವರಿಗೆ ಕೂತು ಆಡುವ ಗೇಮ್ ಕೊಟ್ಟು 13 ವಾರ ನೋಡಿದರು. ಹೀಗೇ ಆಡಿ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಎರಡೂ ಗುಂಪಿನ ಓಡಾಟದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಯಾಕಿರಬಹುದು? ವೀಯ ರಿಮೋಟಿಗೆ ಗೊತ್ತಾಗುವುದು ಕೈಯ ಚಲನೆ ಮಾತ್ರ, ಕಾಲು ಅದಕ್ಕೆ ಕಾಣುವುದಿಲ್ಲ. ಮೊದಮೊದಲು ಮಕ್ಕಳು ಟೀಪಾಯಿ ಸರಿಸಿ, ನಡುಮನೆ ತುಂಬ ಹಾರಿ, ಭುಜದಿಂದ ಬೀಸುತ್ತಾರೆ. ಆಮೇಲೆ ಗುಟ್ಟು ಗೊತ್ತಾಗುತ್ತದೆ. ಸೋಫಾಕ್ಕೆ ಒರಗಿ ಮಣಿಕಟ್ಟು ಜಾಡಿಸಿದರೂ ಚೆಂಡು ಅಷ್ಟೇ ಜೋರಾಗಿ ಹೋಗುತ್ತದೆ. ಮೇಲಾಗಿ, ಇಲ್ಲಿ ಕುಣಿದ ಮಗು ಸಂಜೆ ಬೇರೆ ಓಟ ಕಡಿಮೆ ಮಾಡಿರಲೂಬಹುದು.

ಊರು ಸುತ್ತಿ ಮೊಬೈಲಿನಲ್ಲಿ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ 2016ರ ಗೇಮ್ 'ಪೊಕೆಮಾನ್ ಗೋ' ಜನರನ್ನು ಬೀದಿಗೆ ಎಳೆಯಿತು. ಅಮೆರಿಕದ ಯುವಕ-ಯುವತಿಯರು ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚು ನಡೆದರು. ಆರನೇ ವಾರಕ್ಕೆ ಮತ್ತೆ ಹಳೇ ಲೆಕ್ಕ.

ಮನಸ್ಸಿನ ವಿಷಯ ಇಷ್ಟು ಸಲೀಸಾಗಿ ಅಳತೆಗೆ ಸಿಗುವುದಿಲ್ಲ. ಆಡಿದ ಮೇಲೆ ಮನಸ್ಸು ಹಗುರ, ಜೊತೆಯಲ್ಲಿ ಆಡಿದರೆ ಇನ್ನೂ ಖುಷಿ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಮೈದಾನದಲ್ಲಿ ದಪ್ಪ ಅಂತ ನಗೆಗೆ ಗುರಿಯಾಗುವ ಮಗುವಿಗೆ, ಯಾರೂ ನೋಡದ ಕೋಣೆಯಲ್ಲಿ ಕುಣಿಯುವುದು ದೊಡ್ಡ ಬಿಡುಗಡೆ. ಇದನ್ನು ಸಣ್ಣ ಲಾಭ ಅನ್ನಲು ನನಗೆ ಮನಸ್ಸಿಲ್ಲ. ಗೊಂದಲ ಹೆಚ್ಚಿದ್ದು 2019ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆಯನ್ನು ರೋಗಗಳ ಪಟ್ಟಿಗೆ ಸೇರಿಸಿತು. ಹಿಡಿತ ತಪ್ಪಿ, ಊಟ-ಓದು-ನಿದ್ದೆ ಎಲ್ಲ ಹಿಂದೆ ಬಿದ್ದು, ಸಾಮಾನ್ಯವಾಗಿ ವರ್ಷದಷ್ಟು ಕಾಲ ಹಾಗೇ ನಡೆದರೆ ಮಾತ್ರ ಅದು ಕಾಯಿಲೆ. ಮನೆಮನೆಗೆ ತಲುಪಿದ್ದು ಮಾತ್ರ 'ಗೇಮ್ ಆಡಿದರೆ ರೋಗ' ಎಂಬ ಸುದ್ದಿ. ಮರುವರ್ಷವೇ ಕೊರೊನಾ ಬಂತು, ಆನ್‌ಲೈನ್ ಪಾಠದ ನೆಪದಲ್ಲಿ ಮಕ್ಕಳ ಕೈಗೆ ಮೊಬೈಲೂ ಬಂತು.

ನಮ್ಮ ತೊಡಕು ಇರುವುದು ಇಲ್ಲೇ. ಆ ಸಂಶೋಧನೆಗಳು ನಡೆದದ್ದು ಹೆಚ್ಚಾಗಿ ಟಿವಿಗೆ ಜೋಡಿಸುವ ಯಂತ್ರಗಳ ಮೇಲೆ. ನಮ್ಮ ಮಕ್ಕಳು ಆಡುವುದು ಮೊಬೈಲಿನಲ್ಲಿ, ಕುತ್ತಿಗೆ ಬಗ್ಗಿಸಿಕೊಂಡು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೇಸಿಗೆಯಲ್ಲೂ ಅದು ಸುಲಭವಿಲ್ಲ. ಕಾರವಾರದಲ್ಲಿ ಊರಿಗೂ ಟ್ಯಾಗೋರ್ ಕಡಲತೀರಕ್ಕೂ ನಡುವೆ ಹೆದ್ದಾರಿ. ಸಣ್ಣವರನ್ನು ಸುಮ್ನೆ ಒಬ್ಬರೇ ಕಳಿಸಲು ಧೈರ್ಯ ಸಾಲದು.

ಗೇಮ್ ಕೊಳ್ಳುವವರು ಕೊಳ್ಳಲಿ, ಆದರೆ ಇಬ್ಬರು ಒಟ್ಟಿಗೆ ಆಡುವಂಥದ್ದನ್ನೇ ಆರಿಸಲಿ. ದೊಡ್ಡವರೂ ಎದ್ದು ನಿಂತರೆ ಅರ್ಧ ಗಂಟೆ ಮೈ ಬೆವರುತ್ತದೆ. ಉಳಿದರ್ಧ ಗಂಟೆಗೆ ಶಾಲೆಗಳಲ್ಲಿ ಮಾಡು ಹೊದಿಸಿದ ಅಂಗಳ ಬೇಕು, ಕಬಡ್ಡಿ ಆಡುವಷ್ಟು ಅಗಲದ್ದು. ರಜೆ ಕೊಡದ ದಿನವೂ ನಮ್ಮಲ್ಲಿ ಮಳೆ ಇರುತ್ತದಲ್ಲ.